ಹೊಗೆಯಾಗಿ ಹೋಗುವ ಹೆಸರಿನ ಚೀಲ



ಕರ ಎಂಬ ಮಾತು ಕಿವಿಗೆ ಬಿದ್ದರೆ ಸಾಕು, ನವಲಗುಂದ ಭಾಗದ ರೈತನ ಮೈ ಉರಿಯುತ್ತದೆ. ಉರಿಯಲೇಬೇಕು. ಮಲಪ್ರಭೆಯ ನೀರು ಹೊಲ ಮುಟ್ಟುವ ಮೊದಲೇ ಅಭಿವೃದ್ಧಿ ಕರದ ನೋಟೀಸು ಮನೆ ಮುಟ್ಟಿದ ಕಾಲವನ್ನು ನಮ್ಮ ಹಿರಿಯರು ಕಂಡಿದ್ದಾರೆ. 1980ರ ಜುಲೈ 21ರಂದು ನವಲಗುಂದದಲ್ಲಿ, ನರಗುಂದದಲ್ಲಿ ಪೊಲೀಸರ ಗುಂಡಿಗೆ ನಮ್ಮವರು ಬಿದ್ದದ್ದು ಅಂಥ ಕರದ ವಿರುದ್ಧ ಎದ್ದು ನಿಂತದ್ದಕ್ಕೆ. ಅಂಥ ನೆಲದಲ್ಲಿ ಕೂತು ‘ಒಂದು ಕರವಿದೆ, ಅದು ಒಳ್ಳೆಯದು, ಅದನ್ನು ಇನ್ನೂ ಸರಿಯಾಗಿ ಹಾಕಿರಿ’ ಎಂದು ಬರೆಯುವವನನ್ನು ನೀವು ಬೈಯುವುದು ಸಹಜ. ಬೈಯಿರಿ, ಆದರೆ ಪೂರ್ತಿ ಓದಿ ಬೈಯಿರಿ.

ನಾನು ಹೇಳುವುದು ಬೀಡಿ, ಸಿಗರೇಟು, ತಂಬಾಕಿನ ಮೇಲಿನ ಕರದ ಮಾತು.

2026ರ ಫೆಬ್ರುವರಿ ಒಂದನೇ ತಾರೀಖಿನಿಂದ ಈ ಕರ ಬದಲಾಯಿತು. ಆ ವಾರದಲ್ಲಿ ನಮ್ಮೂರ ಬಸ್‌ಸ್ಟ್ಯಾಂಡಿನ ಪಾನಂಗಡಿಯ ಮುಂದೆ ನಾನು ಕೇಳಿದ ಮಾತು ಇದು:

‘ಏನೋ ಕಾಕಾ, ಸಿಗರೇಟ್ ಇಷ್ಟ್ಯಾಕ ತುಟ್ಟಿ ಆತು?’

‘ನಾ ಏನ ಮಾಡ್ಲೆಪಾ, ಮ್ಯಾಲಿಂದ ಏರಿಸ್ಯಾರ.’

‘ಹಂಗಾರ ಇರಲಿ ಬಿಡು, ಒಂದು ಬೀಡಿ ಕಟ್ಟ ಕೊಡು.’

ಇಷ್ಟೇ. ದೊಡ್ಡ ದೊಡ್ಡ ಅರ್ಥಶಾಸ್ತ್ರಿಗಳು ಪುಸ್ತಕ ಬರೆದು ಹೇಳುವುದನ್ನು ಆ ಹುಡುಗ ಮೂರು ಮಾತಿನಲ್ಲಿ ಮುಗಿಸಿಬಿಟ್ಟ. ಕರ ಏರಿದರೆ ಸೇದುವವನು ಒಂದೋ ಬಿಡುತ್ತಾನೆ, ಇಲ್ಲವೇ ಕಡಿಮೆ ಮಾಡುತ್ತಾನೆ. ಆದರೆ ಪಕ್ಕದಲ್ಲೇ ಅಗ್ಗದ ಬಾಗಿಲು ತೆರೆದಿದ್ದರೆ ಅದರಲ್ಲಿ ನುಸುಳುತ್ತಾನೆ. ಆ ಬಾಗಿಲನ್ನು ತೆರೆದಿಟ್ಟವರು ಯಾರು, ಯಾರ ಸಲುವಾಗಿ, ಎನ್ನುವುದೇ ಇಂದಿನ ಪ್ರಶ್ನೆ.

ಮೊದಲು ನನ್ನ ತಪ್ಪನ್ನು ನಾನೇ ಒಪ್ಪಿಕೊಳ್ಳುತ್ತೇನೆ. ಇಪ್ಪತ್ತು ವರ್ಷಕ್ಕೂ ಮೇಲೆ ನಾನೂ ಸೇದಿದವನೇ. ಕಾಲೇಜಿನಲ್ಲಿ ಹುಬ್ಬಳ್ಳಿಯಲ್ಲಿದ್ದಾಗ ಸಿಗರೇಟು. ಊರಿಗೆ ಬಂದು ಒಕ್ಕಲುತನಕ್ಕೆ ನಿಂತಮೇಲೆ ಸಿಗರೇಟಿನ ದುಡ್ಡು ಏಳದೆ ಬೀಡಿ. ‘ಖರ್ಚು ಕಡಿಮೆ ಮಾಡಿದೆ’ ಎಂದು ಮನೆಯಲ್ಲಿ ಹೇಳಿಕೊಂಡೆ. ಕಡಿಮೆಯಾದದ್ದು ಏನೂ ಇರಲಿಲ್ಲ. ದಿನಕ್ಕೆ ಐದು ಸಿಗರೇಟು ಸೇದುವವನು ದಿನಕ್ಕೆ ಒಂದು ಕಟ್ಟು ಬೀಡಿ ಸೇದಹತ್ತಿದೆ. ರಾತ್ರಿ ನೀರು ಹಾಯಿಸಲು ಹೋದರೆ ಒಂದೂವರೆ ಕಟ್ಟು. ನನ್ನ ಎದೆ ಇಳಿಯಲಿಲ್ಲ, ಇಳಿದದ್ದು ಬರೀ ಅಂತಸ್ತು.

ಈಗ ಲೆಕ್ಕಕ್ಕೆ ಬರೋಣ. ರೈತನಿಗೆ ಲೆಕ್ಕ ಬರುವುದಿಲ್ಲ ಎಂದು ಪೇಟೆಯವರು ನಗುತ್ತಾರೆ. ನಾವು ಗೊಬ್ಬರದ ಲೆಕ್ಕ ಇಡುತ್ತೇವೆ, ಬೀಜದ ಲೆಕ್ಕ ಇಡುತ್ತೇವೆ, ಆಳಿನ ಪಗಾರ, ಟ್ರ್ಯಾಕ್ಟರಿನ ಬಾಡಿಗೆ, ಅಡತಿಯವನ ಕಮಿಶನ್ ಎಲ್ಲ ಬರೆದಿಡುತ್ತೇವೆ. ಬೀಡಿಯ ಲೆಕ್ಕ ಮಾತ್ರ ಯಾರ ಡೈರಿಯಲ್ಲೂ ಇರುವುದಿಲ್ಲ. ಕಟ್ಟಿಗೆ 20 ರೂಪಾಯಿ ಎಂದು ಹಿಡಿಯಿರಿ. ದಿನಕ್ಕೊಂದು ಕಟ್ಟು ಎಂದರೆ ವರ್ಷಕ್ಕೆ 7300 ರೂಪಾಯಿ. 2025-26ರ ಸಾಲಿಗೆ ಹೆಸರುಕಾಳಿಗೆ ಕೇಂದ್ರ ಸರಕಾರ ಸಾರಿದ ಬೆಂಬಲ ಬೆಲೆ ಕ್ವಿಂಟಲಿಗೆ 8768 ರೂಪಾಯಿ. ಈ ಬೆಲೆ ನಮ್ಮ ಕೈಗೆ ಬರುವುದು ಎಷ್ಟು ಸಲ ಎನ್ನುವುದು ಬೇರೆ ಮಾತು. ಖರೀದಿ ಕೇಂದ್ರದ ಬಾಗಿಲು ತೆರೆಯುವ ತನಕ ಕಾಯಲಾರದೆ ಪೇಟೆಯಲ್ಲಿ ಏಳು ಸಾವಿರದ ಚಿಲ್ಲರೆಗೆ ಕೊಟ್ಟು ಬಂದರೆ, ಸರಿಯಾಗಿ ಒಂದು ಕ್ವಿಂಟಲ್ ಹೆಸರು ಹೊಗೆಯಾಗಿ ಹೋಯಿತು. ಹತ್ತು ರೂಪಾಯಿಯ ಸಿಗರೇಟು ದಿನಕ್ಕೆ ಐದು ಸೇದುವವನದು ವರ್ಷಕ್ಕೆ 18,250 ರೂಪಾಯಿ. ಬೆಂಬಲ ಬೆಲೆಯಲ್ಲಿ ಹಿಡಿದರೂ ಎರಡು ಕ್ವಿಂಟಲಿಗೆ ಮೇಲಾಯಿತು. ಮಳೆ ನಂಬಿ ಬಿತ್ತುವ ನಮ್ಮ ಎರಿ ಭೂಮಿಯಲ್ಲಿ ಎಕರೆಗೆ ಮೂರು ಕ್ವಿಂಟಲ್ ಹೆಸರು ಬಂದರೆ ಪುಣ್ಯ ಎನ್ನುತ್ತೇವೆ. ಅದರಲ್ಲಿ ಎಷ್ಟು ಪಾಲು ಕಡ್ಡಿಪೆಟ್ಟಿಗೆಯ ಪಾಲಾಯಿತು, ನೀವೇ ಭಾಗಿಸಿ ನೋಡಿರಿ.

ಸೊಸೈಟಿಯ ಸಾಲದ ಕಂತು ಕಟ್ಟಲು ಐದು ಸಾವಿರ ಕಡಿಮೆ ಬಿದ್ದು, ಊರ ಸಾವುಕಾರನ ಮುಂದೆ ಕೈಯೊಡ್ಡಿ, ನೂರಕ್ಕೆ ತಿಂಗಳಿಗೆ ಮೂರರ ಬಡ್ಡಿಗೆ ತಂದವರು ನಮ್ಮಲ್ಲಿ ಇಲ್ಲವೇ? ಆ ಐದು ಸಾವಿರ ಎಲ್ಲಿ ಹೋಗಿತ್ತು? ನಾನು ಬೆಲೆಯ ಅನ್ಯಾಯವನ್ನು ಮುಚ್ಚಿಹಾಕಿ ಎಲ್ಲ ತಪ್ಪು ರೈತನ ಬೀಡಿಯ ಮೇಲೆ ಹಾಕುವವನಲ್ಲ. ‘ರೈತರು ಸೇದಿ ಕುಡಿದು ಸಾಲಗಾರರಾದರು’ ಎನ್ನುವ ಅಧಿಕಾರಿಗಳ ಹಗುರ ಮಾತಿಗೆ ನಮ್ಮ ಉತ್ತರ ಅಂದೂ ಇತ್ತು, ಇಂದೂ ಇದೆ: ಬೆಳೆಗೆ ಬೆಲೆ ಕೊಡಿರಿ, ಆಮೇಲೆ ಬುದ್ಧಿ ಹೇಳಿರಿ. ಆದರೆ ಅನ್ಯಾಯದ ಬೆಲೆಯಿಂದ ಉಳಿದ ನಾಲ್ಕು ಕಾಸನ್ನೂ ಕಂಪನಿಯ ಗಲ್ಲೆಗೆ ಹಾಕಿ ಬರುವುದು ಯಾವ ಚಳವಳಿ?

ಇನ್ನು ಕರದ ಮಾತು. ಕರ ಏರಿಸಿದರೆ ಜನ ಸೇದುವುದು ಕಡಿಮೆಯಾಗುತ್ತದೆಯೇ? ‘ಎಷ್ಟೇ ತುಟ್ಟಿಯಾದರೂ ಚಟದವನು ಬಿಡುತ್ತಾನೇನು?’ ಎಂದು ಕಟ್ಟೆಯ ಮೇಲೆ ವಾದಿಸುವವರು ಬಹಳ. ವಿಶ್ವ ಆರೋಗ್ಯ ಸಂಸ್ಥೆ ನಾನಾ ದೇಶಗಳ ಲೆಕ್ಕ ತೆಗೆದು ಹೇಳುವುದು ಹೀಗಿದೆ: ತಂಬಾಕಿನ ಬೆಲೆ ನೂರಕ್ಕೆ ಹತ್ತು ಏರಿದರೆ, ನಮ್ಮಂಥ ಬಡ ಮತ್ತು ನಡುಮಟ್ಟದ ದೇಶಗಳಲ್ಲಿ ಬಳಕೆ ನೂರಕ್ಕೆ ಸುಮಾರು ಐದು ಇಳಿಯುತ್ತದೆ. ಶ್ರೀಮಂತ ದೇಶಗಳಲ್ಲಿ ನಾಲ್ಕು. ಹಳೇ ಚಟದ ಮುದುಕರು ಬಿಡುವುದು ಕಡಿಮೆ ಎನ್ನುವುದು ಖರೇ. ಆದರೆ ಕಿಸೆಯಲ್ಲಿ ಕಾಸಿಲ್ಲದ ಹರೆಯದ ಹುಡುಗ ಇದ್ದಾನಲ್ಲ, ಅವನಿಗೆ ಬೆಲೆ ಬಿಸಿ ಮುಟ್ಟಿಸುತ್ತದೆ. ಅವನು ಸುರುವೇ ಮಾಡುವುದಿಲ್ಲ. ಸುರು ಮಾಡದವನು ಬಿಡುವ ಕಷ್ಟವನ್ನೂ ಪಡಬೇಕಾಗಿಲ್ಲ. ಇನ್ನೊಂದು ಮಾತು: ಬೆಲೆ ಹತ್ತು ಏರಿ ಬಳಕೆ ಐದು ಇಳಿದರೆ ಸರಕಾರದ ಬೊಕ್ಕಸಕ್ಕೂ ನಷ್ಟವಿಲ್ಲ, ಲಾಭವೇ.

ಫಿಲಿಪ್ಪೀನ್ಸ್ ಎಂಬ ದೇಶ ನಮ್ಮ ಹಾಗೆಯೇ ಒಕ್ಕಲಿಗರ, ಕೂಲಿಕಾರರ ದೇಶ. ಅಲ್ಲಿ 2012ರಲ್ಲಿ ಕಾಯ್ದೆ ಮಾಡಿ ತಂಬಾಕಿನ ಕರವನ್ನು ಒಂದೇ ಮಟ್ಟಕ್ಕೆ ತರುತ್ತ ಭಾರಿಯಾಗಿ ಏರಿಸಿದರು. 2009ರಲ್ಲಿ ಅಲ್ಲಿ ನೂರು ವಯಸ್ಕರಲ್ಲಿ 29.7 ಮಂದಿ ತಂಬಾಕು ಬಳಸುತ್ತಿದ್ದರು, 2015ಕ್ಕೆ 23.8ಕ್ಕೆ ಇಳಿಯಿತು. ಬಂದ ಹೆಚ್ಚಿನ ಹಣದ ದೊಡ್ಡ ಪಾಲು ಬಡವರ ಆರೋಗ್ಯ ವಿಮೆಗೆ ಹೋಯಿತು. ಒಂದು ಪಾಲು ತಂಬಾಕು ಬೆಳೆಯುವ ಪ್ರಾಂತಗಳಿಗೇ ತಿರುಗಿ ಹೋಯಿತು. ಈ ಕೊನೆಯ ಮಾತನ್ನು ನೆನಪಿಡಿರಿ, ಮುಂದೆ ಬೇಕಾಗುತ್ತದೆ.

ನಮ್ಮಲ್ಲಿ ಏನಾಯಿತು? 2017ರ ಜುಲೈದಲ್ಲಿ ಜಿಎಸ್‌ಟಿ ಬಂತು. ಸಿಗರೇಟಿಗೆ ನೂರಕ್ಕೆ 28, ಅದರ ಮೇಲೆ ಪರಿಹಾರ ಸೆಸ್ಸು. ಬೀಡಿಗೂ 28, ಆದರೆ ಸೆಸ್ಸು ಇಲ್ಲ. ಆಮೇಲೆ ಎಂಟು ವರ್ಷ ಅಲ್ಲೊಂದಿಷ್ಟು ಇಲ್ಲೊಂದಿಷ್ಟು ಬಿಟ್ಟರೆ ಈ ಕರ ಹೆಚ್ಚುಕಡಿಮೆ ನಿಂತಲ್ಲೇ ನಿಂತಿತು. ಅದೇ ಎಂಟು ವರ್ಷದಲ್ಲಿ ಹತ್ತಿ ಬಿಡಿಸುವ ಆಳಿನ ಪಗಾರ ಎಷ್ಟಿದ್ದದ್ದು ಎಷ್ಟಾಯಿತು? ಕೊಟ್ಟವರು ನೀವು, ನಿಮಗೇ ಗೊತ್ತು. ಪಗಾರ ಏರಿ ಕರ ನಿಂತರೆ ಏನಾಯಿತು? ಒಂದು ದಿನದ ದುಡಿಮೆಗೆ ಮೊದಲಿಗಿಂತ ಹೆಚ್ಚು ಬೀಡಿ ಬಂದವು. ಅಂದರೆ ಕರ ಇದ್ದೂ ತಂಬಾಕು ಅಗ್ಗವಾಯಿತು. ಕರ ಹಾಕಿದರೆ ಸಾಲದು, ಗಳಿಕೆಗಿಂತ ಮುಂದೆ ಮುಂದೆ ಓಡಬೇಕು. ಇಲ್ಲದಿದ್ದರೆ ಅದು ಹರಕು ಬೇಲಿ, ದನ ಹಾಯುವುದು ತಪ್ಪುವುದಿಲ್ಲ.

2026ರ ಫೆಬ್ರುವರಿಯಿಂದ ಸಿಗರೇಟಿಗೆ ಜಿಎಸ್‌ಟಿ ನೂರಕ್ಕೆ 40 ಆಗಿದೆ. ಅದರ ಮೇಲೆ ಉದ್ದಕ್ಕೆ ತಕ್ಕಂತೆ ಸಾವಿರ ಸಿಗರೇಟಿಗೆ 2050ರಿಂದ 8500 ರೂಪಾಯಿವರೆಗೆ ಅಬಕಾರಿ ಸುಂಕ. ಅಗಿಯುವ ತಂಬಾಕಿಗೂ 40 ಮತ್ತು ಅಬಕಾರಿ ಸುಂಕ. ಇದು ಸರಿ. ಆದರೆ ಬೀಡಿಗೆ? ಬೀಡಿಗೆ 28 ಇದ್ದದ್ದನ್ನು 18ಕ್ಕೆ ಇಳಿಸಿದರು! ಬೀಡಿ ಸುತ್ತುವ ತೆಂಡು ಎಲೆಗೆ 18 ಇದ್ದದ್ದು 5 ಆಯಿತು. ಒಂದು ಕೈಯಿಂದ ಮುಂಬಾಗಿಲಿಗೆ ಕೀಲಿ ಹಾಕಿ, ಇನ್ನೊಂದು ಕೈಯಿಂದ ಹಿತ್ತಲ ಬಾಗಿಲ ಚಿಲಕ ತೆಗೆದ ಹಾಗಾಯಿತು. ಬಸ್‌ಸ್ಟ್ಯಾಂಡಿನ ಆ ಹುಡುಗ ಹೋದದ್ದು ಇದೇ ಹಿತ್ತಲ ಬಾಗಿಲಿನಿಂದ.

ಇದರಲ್ಲಿ ಹಳ್ಳಿಯವನಿಗೆ ಆಗುವ ಮೋಸವನ್ನು ತಿಳಿದುಕೊಳ್ಳಿರಿ. 2016-17ರ ದೇಶದ ಸಮೀಕ್ಷೆಯ ಪ್ರಕಾರ ನೂರು ವಯಸ್ಕರಲ್ಲಿ ಸಿಗರೇಟು ಸೇದುವವರು 4, ಬೀಡಿ ಸೇದುವವರು 7.7. ಬೀಡಿ ಯಾರದು? ರೈತನದು, ಕೂಲಿಯವನದು, ಹಮಾಲನದು. ಕರ ಎಂಬುದು ಚಟ ಬಿಡಿಸುವ ಔಷಧ ಎಂದು ಸರಕಾರವೇ ಒಪ್ಪುತ್ತದೆ. ಹಾಗಿದ್ದ ಮೇಲೆ ಆ ಔಷಧ ಪೇಟೆಯವನಿಗೆ ಮಾತ್ರ ಏಕೆ? ಹಳ್ಳಿಯವನ ಎದೆ ಎದೆಯಲ್ಲವೇ? ಅದೂ ಸಾಲದೆ, ಬೀಡಿ ಹಗುರ, ಎಲೆಯೊಳಗಿನ ತಂಬಾಕು, ಏನೂ ಆಗುವುದಿಲ್ಲ ಎಂಬ ಭ್ರಮೆ ಬೇರೆ ಇದೆ. 2008ರಲ್ಲಿ ಪ್ರಕಟವಾದ ನಮ್ಮ ದೇಶದ ದೊಡ್ಡ ಅಧ್ಯಯನವೊಂದು ಲೆಕ್ಕ ಹಾಕಿ ಹೇಳಿತು: ಬೀಡಿ ಸೇದುವ ಗಂಡಸಿನ ಆಯುಷ್ಯದಲ್ಲಿ ಸುಮಾರು ಆರು ವರ್ಷ, ಬೀಡಿ ಸೇದುವ ಹೆಂಗಸಿನ ಆಯುಷ್ಯದಲ್ಲಿ ಎಂಟು ವರ್ಷ, ಸಿಗರೇಟು ಸೇದುವ ಗಂಡಸಿನದರಲ್ಲಿ ಹತ್ತು ವರ್ಷ ಕಡಿಮೆಯಾಗುತ್ತದೆ. ಹೃದಯ, ಕ್ಯಾನ್ಸರು ಇರಲಿ, ನಮ್ಮಲ್ಲಿ ಕ್ಷಯದಿಂದ ಸಾಯುವವರಲ್ಲಿಯೂ ಸೇದುವವರೇ ಹೆಚ್ಚು.

ಬೀಡಿಯ ಕರ ಇಳಿಸಲು ಸರಕಾರ ಕೊಡುವ ಕಾರಣ ಬೀಡಿ ಕಾರ್ಮಿಕರ ಹೊಟ್ಟೆ. ನಿಪ್ಪಾಣಿಯಲ್ಲಿ, ಮಂಗಳೂರಿನ ಕಡೆ ಸಾವಿರಾರು ಹೆಣ್ಣುಮಕ್ಕಳು ಬೀಡಿ ಸುತ್ತಿ ಬದುಕುತ್ತಾರೆ, ಇದು ಖರೇ. ಆದರೆ ಅವರಿಗೆ ಕೂಲಿ ಸಿಗುವುದು ಸಾವಿರ ಬೀಡಿಗೆ ಇಷ್ಟು ಎಂಬ ಲೆಕ್ಕದಲ್ಲಿ. ಕರ ಇಳಿದರೆ ಅವರ ಕೂಲಿ ಏರುತ್ತದೆ ಎಂದು ಯಾವ ಕಾಯ್ದೆಯಲ್ಲಿ ಬರೆದಿದೆ? ಇನ್ನೂ ಕೇಳಿರಿ. 1976ರ ಕಾಯ್ದೆಯಂತೆ ಬೀಡಿಯ ಮೇಲೆ ಒಂದು ಚಿಕ್ಕ ಸೆಸ್ಸು ಇತ್ತು. ಅದರ ಹಣ ಹೋಗುತ್ತಿದ್ದದ್ದು ಬೀಡಿ ಕಾರ್ಮಿಕರ ದವಾಖಾನೆಗೆ, ಮನೆಗೆ, ಅವರ ಮಕ್ಕಳ ಶಾಲೆಗೆ. ಜಿಎಸ್‌ಟಿ ತರುವಾಗ 2017ರಲ್ಲಿ ಆ ಸೆಸ್ಸನ್ನೇ ರದ್ದು ಮಾಡಿದರು. ಕಾರ್ಮಿಕರ ಮೇಲೆ ಅಷ್ಟು ಕರುಣೆ ಇದ್ದರೆ ಅವರ ಪಾಲಿನ ಒಂದೇ ಸೆಸ್ಸನ್ನು ಕಿತ್ತುಹಾಕುತ್ತಿದ್ದರೇ? ಹೆಸರು ಕಾರ್ಮಿಕರದು, ಹಸಿರು ಮಾಲೀಕರದು!

ತಂಬಾಕು ಬೆಳೆಯುವ ರೈತನ ಹೆಸರನ್ನೂ ಹೀಗೆಯೇ ಬಳಸಿಕೊಳ್ಳುತ್ತಾರೆ. ‘ಕರ ಏರಿಸಿದರೆ ರೈತ ಸಾಯುತ್ತಾನೆ’ ಎಂದು ಕಂಪನಿಗಳು ಕಣ್ಣೀರು ಹಾಕುತ್ತವೆ. ಇತಿಹಾಸ ನೋಡಿರಿ. ಇಂಗ್ರೇಜರು 1943ರಲ್ಲಿ ತಂಬಾಕಿನ ಎಲೆಯ ಮೇಲೆಯೇ ಅಬಕಾರಿ ಸುಂಕ ಹೇರಿದ್ದರು. ಚರಣಸಿಂಗರು ಹಣಕಾಸು ಮಂತ್ರಿಯಾಗಿದ್ದಾಗ 1979ರಲ್ಲಿ ಎಲೆಯ ಮೇಲಿನ ಸುಂಕವನ್ನು ತೆಗೆದುಹಾಕಿದರು. ರೈತನಿಗೆ ಆ ಲಾಭ ಸಿಕ್ಕಿದ್ದರೆ 1981ರಲ್ಲಿ ನಿಪ್ಪಾಣಿಯ ತಂಬಾಕು ಬೆಳೆಗಾರರು ಶರದ ಜೋಶಿಯವರ ಮುಂದಾಳತನದಲ್ಲಿ ಪುಣೆ-ಬೆಂಗಳೂರು ರಸ್ತೆಯ ಮೇಲೆ ಮೂರು ವಾರಕ್ಕೂ ಹೆಚ್ಚು ಕಾಲ ಏಕೆ ಕೂಡುತ್ತಿದ್ದರು? ಏಪ್ರಿಲ್ 6ರಂದು ಅಲ್ಲಿ ಗುಂಡು ಹಾರಿ 12 ರೈತರು ಪ್ರಾಣ ಕೊಟ್ಟರು. ಅವರು ಕೇಳಿದ್ದು ಕರ ಕಡಿಮೆ ಮಾಡಿ ಎಂದಲ್ಲ, ವ್ಯಾಪಾರಿ ನ್ಯಾಯದ ಬೆಲೆ ಕೊಡಲಿ ಎಂದು. ಕರ ಇದ್ದಾಗಲೂ ರೈತನನ್ನು ಸುಲಿದವನು ವ್ಯಾಪಾರಿ, ಕರ ತೆಗೆದಾಗಲೂ ಸುಲಿದವನು ವ್ಯಾಪಾರಿ. ಹುಣಸೂರು, ಪಿರಿಯಾಪಟ್ಟಣದ ವರ್ಜೀನಿಯಾ ತಂಬಾಕಿನ ದೊಡ್ಡ ಪಾಲು ಪರದೇಶಕ್ಕೆ ಹೋಗುತ್ತದೆ. ಅದರ ಬೆಲೆ ನಮ್ಮ ಪಾನಂಗಡಿಯ ಕರಕ್ಕಿಂತ ಹರಾಜಿನ ಕಟ್ಟೆಯಲ್ಲಿ ಕೂತ ಕೆಲವೇ ಕೊಳ್ಳುವವರ ಕೈಯಲ್ಲಿದೆ.

ಇನ್ನು ಅಗಿಯುವವರ ಮಾತು. ನಮ್ಮ ರಾಜ್ಯದಲ್ಲಿ ಸೇದುವವರಿಗಿಂತ ಅಗಿಯುವವರು ಹೆಚ್ಚು. ಅದೇ ಸಮೀಕ್ಷೆಯಲ್ಲಿ ಕರ್ನಾಟಕದಲ್ಲಿ ಸೇದುವವರು ನೂರಕ್ಕೆ 8.8, ಅಗಿಯುವ, ಉಜ್ಜುವ, ಮೂಸುವವರು 16.3. ಗುಟ್ಕಾವನ್ನು ನಮ್ಮ ರಾಜ್ಯ 2013ರಲ್ಲಿ ನಿಷೇಧಿಸಿತು. ಕಂಪನಿಗಳು ಏನು ಮಾಡಿದವು? ಮಸಾಲೆ ಒಂದು ಚೀಟಿನಲ್ಲಿ, ತಂಬಾಕು ಇನ್ನೊಂದು ಚೀಟಿನಲ್ಲಿ ಕಟ್ಟಿ ತೂಗುಹಾಕಿದವು. ಕೂಡಿಸುವ ಕೆಲಸ ನಮ್ಮ ಹುಡುಗರದು. ಬಿಡಿ ಬಿಡಿಯಾಗಿ ಸಿಗರೇಟು ಮಾರಬಾರದು, 21 ವರ್ಷದ ಒಳಗಿನವರಿಗೆ ಕೊಡಬಾರದು ಎಂದು 2025ರಿಂದ ರಾಜ್ಯದ ಕಾಯ್ದೆಯಿದೆ. ಯಾವ ಊರಿನ ಅಂಗಡಿಯಲ್ಲಿ ಪಾಕೀಟು ಒಡೆದಿಲ್ಲ, ಹೇಳಿರಿ? ಒಂದೊಂದಾಗಿ ಮಾರಿದಾಗ ಏರಿದ ಕರ ಒಂದೆರಡು ರೂಪಾಯಿಯಾಗಿ ಕಾಣುತ್ತದೆ, ನೋವಾಗುವುದಿಲ್ಲ. ಕಾಯ್ದೆ ಕಾಗದದ ಮೇಲೆ ಮಲಗಿದರೆ ಕರವೂ ಅರ್ಧ ಮಲಗಿದಂತೆಯೇ.

‘ಬಡವನಿಗೆ ಇರೋದು ಇದೊಂದ ಸುಖಾ, ಅದರ ಮ್ಯಾಲೂ ಕರಾ ಹಾಕಂತೀಯಲ್ಲೋ’ ಎಂದು ನನ್ನ ಹಿರಿಯ ಬೀಗರೊಬ್ಬರು ನನ್ನನ್ನು ತರಾಟೆಗೆ ತೆಗೆದುಕೊಂಡರು. ಆ ಮಾತಿನಲ್ಲಿ ಸತ್ಯವಿದೆ. ಬಿಡಲಾರದವನಿಗೆ ಈ ಕರ ಬರೆಯೇ. ಆದರೆ ನಾನು ಅವರಿಗೆ ನಮ್ಮ ಓಣಿಯ ಮನೆಯೊಂದನ್ನು ನೆನಪಿಸಿದೆ. ಆ ಮನೆಯ ಯಜಮಾನ ನನ್ನ ವಾರಿಗೆಯವನು. ಬಾಯಲ್ಲಿ ಸದಾ ತಂಬಾಕು, ಕೈಯಲ್ಲಿ ಬೀಡಿ. ಒಂದು ದೀಪಾವಳಿಯ ಹೊತ್ತಿಗೆ ನಾಲಿಗೆಯ ಬದಿಗೆ ಹುಣ್ಣಾಯಿತು. ‘ಸುಣ್ಣ ಹೆಚ್ಚಾಗಿ ಸುಟ್ಟೇತಿ’ ಎಂದು ನಾಲ್ಕು ತಿಂಗಳು ತಳ್ಳಿದ. ಆಮೇಲೆ ಹುಬ್ಬಳ್ಳಿಗೆ ಓಡಾಟ, ಕೊಯ್ಯುವುದು, ಕರೆಂಟು ಕೊಡುವುದು. ಸರಕಾರದ ಕಾರ್ಡು ಇದ್ದರೂ ಗಾಡಿ ಬಾಡಿಗೆ, ಜೊತೆಗಿದ್ದವರ ಊಟ, ಹೊರಗಿನ ಔಷಧ, ಕೆಟ್ಟ ಸುಗ್ಗಿ, ಇವನ್ನು ಯಾವ ಕಾರ್ಡು ತುಂಬುತ್ತದೆ? ಮೊದಲು ಎತ್ತು ಹೋದವು, ಆಮೇಲೆ ಮೆಣಸಿನಕಾಯಿ ಬೆಳೆಯುತ್ತಿದ್ದ ಎರಡು ಎಕರೆ ಹೋಯಿತು. ಕೊನೆಗೆ ಅವನೂ ಹೋದ. ಈಗ ಅವನ ಮಗ ಅದೇ ಎರಡು ಎಕರೆಯಲ್ಲಿ ಬೇರೆಯವರ ಆಳಾಗಿ ಕಳೆ ತೆಗೆಯುತ್ತಾನೆ. ಬೀಗರು ಸುಮ್ಮನಾದರು. ಬಡವನ ಸುಖ ಎಂದು ನಾವು ಕರೆಯುವುದರ ಖರೇ ಬೆಲೆ ಪಾನಂಗಡಿಯಲ್ಲಿ ವಸೂಲಾಗುವುದಿಲ್ಲ, ಸಬ್‌ರಿಜಿಸ್ಟ್ರಾರ್ ಕಚೇರಿಯಲ್ಲಿ ಖರೀದಿಪತ್ರದ ಮೇಲೆ ವಸೂಲಾಗುತ್ತದೆ.

ಅದಕ್ಕೇ ನಾನು ಹೇಳುವುದು: ಈ ಕರವನ್ನು ಕಣ್ಣು ಮುಚ್ಚಿ ವಿರೋಧಿಸಬೇಡಿರಿ, ಕಣ್ಣು ತೆರೆದು ಲೆಕ್ಕ ಕೇಳಿರಿ. ಮೊದಲನೆಯದಾಗಿ, ಬೀಡಿ, ಸಿಗರೇಟು, ಅಗಿಯುವ ತಂಬಾಕು ಎಂಬ ಭೇದವಿಲ್ಲದೆ ಕರ ಸಮವಾಗಿರಬೇಕು, ಗಳಿಕೆ ಏರಿದಂತೆ ವರ್ಷವರ್ಷ ಏರಬೇಕು. ಎರಡನೆಯದಾಗಿ, ಆ ಹಣದಲ್ಲಿ ಒಂದು ಪಾಲು ತಾಲೂಕಿನ ಸರಕಾರಿ ದವಾಖಾನೆಗೆ ಬರಬೇಕು. ಬಾಯಿ ತಪಾಸಣೆ, ಎದೆ ತಪಾಸಣೆ, ಚಟ ಬಿಡಿಸುವ ಔಷಧ ಕಲಘಟಗಿಯವನಿಗೆ ಕಲಘಟಗಿಯಲ್ಲಿ, ಅಣ್ಣಿಗೇರಿಯವನಿಗೆ ಅಣ್ಣಿಗೇರಿಯಲ್ಲಿ ಸಿಗಬೇಕು. ಮೂರನೆಯದಾಗಿ, ಇನ್ನೊಂದು ಪಾಲು ನಿಪ್ಪಾಣಿ, ಹುಣಸೂರಿನ ಬೆಳೆಗಾರ ಬೇರೆ ಬೆಳೆಗೆ ಹೊರಳಲು, ಬೀಡಿ ಸುತ್ತುವ ಹೆಣ್ಣುಮಗಳು ಬೇರೆ ಕೆಲಸ ಹಿಡಿಯಲು ಹೋಗಬೇಕು. ಫಿಲಿಪ್ಪೀನ್ಸಿನಲ್ಲಿ ಬೆಳೆಗಾರರ ಪಾಲು ತಿರುಗಿ ಹೋದದ್ದು ನಮ್ಮಲ್ಲಿ ಏಕೆ ಹೋಗಬಾರದು? ಸರಕಾರಕ್ಕೂ ಈ ವ್ಯವಹಾರದಲ್ಲಿ ಕೈಯಿದೆ ಎಂಬುದನ್ನು ಮರೆಯಬೇಡಿರಿ. ನಮ್ಮ ಜೀವಕ್ಕೆ ವಿಮೆ ಮಾಡುವ ಜೀವ ವಿಮಾ ನಿಗಮವೇ ದೇಶದ ಅತಿ ದೊಡ್ಡ ಸಿಗರೇಟು ಕಂಪನಿಯ ದೊಡ್ಡ ಷೇರುದಾರ. ಕೇಳದಿದ್ದರೆ ಅವರು ತಾವಾಗಿ ಕೊಡುವವರಲ್ಲ.

ಕೊನೆಗೆ ನಮ್ಮ ಮನೆಯ ಕಸ ನಾವು ಗುಡಿಸಬೇಕು. ಹೊಲದ ಕೆಲಸಕ್ಕೆ ಬಂದ ಆಳಿಗೆ ಪಗಾರದ ಜೊತೆ ಒಂದು ಬೀಡಿ ಕಟ್ಟು, ಒಂದು ತಂಬಾಕಿನ ಚೀಟು ಕೊಡುವ ಪದ್ಧತಿ ನಮ್ಮಲ್ಲಿ ಎಷ್ಟೋ ಕಡೆ ಇದೆ. ‘ಕೊಡದಿದ್ದರ ಆಳ ಬರೂದಿಲ್ರಿ’ ಎನ್ನುತ್ತೇವೆ. ಅಷ್ಟೇ ದುಡ್ಡನ್ನು ಪಗಾರದಲ್ಲಿ ಕೂಡಿಸಿ ಕೈಗೆ ಕೊಡಿರಿ. ಅವನ ಮನೆಗೆ ಹಾಲು ಹೋದೀತು. ಮಗನನ್ನು ಬೀಡಿ ತರಲು ಅಂಗಡಿಗೆ ಕಳಿಸಬೇಡಿರಿ. ಹಾದಿ ತೋರಿಸಿದವರು ನಾವೇ ಆಗುತ್ತೇವೆ. ಬಿಡಬೇಕೆನ್ನುವವರು ಸರಕಾರದ 1800-11-2356 ನಂಬರಿಗೆ ಫೋನು ಮಾಡಿದರೆ ಪುಕ್ಕಟೆ ಸಲಹೆ ಸಿಗುತ್ತದೆ.

ನಾನು ಬಿಟ್ಟದ್ದು ಯಾವ ಭಾಷಣ ಕೇಳಿಯೂ ಅಲ್ಲ. ವಾರಿಗೆಯವನ ಹೊಲದ ಖರೀದಿಪತ್ರಕ್ಕೆ ಸಾಕ್ಷಿ ಹಾಕಲು ಹೋಗಿದ್ದೆ. ಸಹಿ ಮಾಡಿ ಹೊರಗೆ ಬಂದು ಅಭ್ಯಾಸದಂತೆ ಕಿಸೆಗೆ ಕೈ ಹಾಕಿದೆ, ಕಟ್ಟು ಕೈಗೆ ಬಂತು. ಹಚ್ಚಲು ಮನಸ್ಸಾಗಲಿಲ್ಲ. ಮೂರು ತಿಂಗಳು ಬಹಳ ಕಷ್ಟಪಟ್ಟೆ. ಎರಡು ಸಲ ಜಾರಿ ಮತ್ತೆ ನಿಂತೆ. ಈಗ ಪ್ರತಿ ಸುಗ್ಗಿಯಲ್ಲಿ ಒಂದು ಚೀಲ ಹೆಸರನ್ನು ಬೇರೆ ಇಟ್ಟು, ಅದರ ದುಡ್ಡನ್ನು ಸೊಸೈಟಿಯ ಸಾಲಕ್ಕೆ ಕಟ್ಟುತ್ತೇನೆ. ಅದನ್ನು ನಮ್ಮ ಮನೆಯಲ್ಲಿ ‘ಬೀಡಿ ಚೀಲ’ ಎಂದು ಕರೆಯುತ್ತಾರೆ.

ನಿಮ್ಮ ಮನೆಯಲ್ಲಿಯೂ ಆ ಚೀಲವಿದೆ, ಬಾಂಧವರೇ. ಎಲ್ಲಿ ಹೋಗುತ್ತಿದೆ ಎಂದು ಇಂದು ರಾತ್ರಿ ಒಮ್ಮೆ ಲೆಕ್ಕ ಹಾಕಿ ನೋಡಿರಿ.